ಎರಡು ಸಿಎನ್‌ಸಿ ಲೇಥ್‌ಗಳ ನಡುವೆ ಯಾವ ಸಣ್ಣ ರೋಬೋಟ್ ಸೂಕ್ತ?

ಪ್ರಶ್ನೆ:
ಪೀಣ್ಯದ ನಮ್ಮ ಘಟಕದಲ್ಲಿ ಎದುರುಬದುರಾಗಿ ನಿಂತಿರುವ ಎರಡು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇಥ್‌ಗಳಿಗೆ ಜಾಬ್ (ಕೆತ್ತಬೇಕಾದ ಲೋಹದ ತುಂಡು) ಹಾಕಿ ತೆಗೆಯುವ ಕೆಲಸವನ್ನು ಒಂದೇ ರೋಬೋಟ್‌ಗೆ ವಹಿಸಬೇಕೆಂದಿದ್ದೇವೆ. ಜಾಬ್‌ನ ತೂಕ 1.8 ಕೆ.ಜಿ. ಯೂನಿವರ್ಸಲ್ ರೋಬೋಟ್ಸ್‌ನ ಯುಆರ್5ಇ (ಹೊರುವ ತೂಕ 5 ಕೆ.ಜಿ., ತೋಳಿನ ಚಾಚು 850 ಮಿ.ಮೀ.) ಮತ್ತು ಫಾನುಕ್‌ನ ಎಲ್‌ಆರ್ ಮೇಟ್ 200ಐಡಿ (7 ಕೆ.ಜಿ., 717 ಮಿ.ಮೀ.) ನಮ್ಮ ಮುಂದಿವೆ. ಮೊದಲನೆಯದು ಜನರ ಪಕ್ಕದಲ್ಲೇ ಕೆಲಸ ಮಾಡಬಲ್ಲದು, ಅದಕ್ಕೆ ಸುರಕ್ಷತಾ ಬೇಲಿಯೇ ಬೇಡ ಎಂದು ಒಬ್ಬ ಮಾರಾಟಗಾರರು ಹೇಳಿದ್ದಾರೆ. ಎರಡನೆಯದರ ಪುನರಾವರ್ತನಾ ನಿಖರತೆ (ಪ್ರತಿ ಸಲವೂ ಅದೇ ಬಿಂದುವಿಗೆ ಮರಳುವ ಸಾಮರ್ಥ್ಯ) ಹೆಚ್ಚು. ಯಾವುದನ್ನು ಆರಿಸುವುದು ಒಳಿತು?

ಉತ್ತರ 1:
ಮೊದಲು ಗ್ರಿಪ್ಪರ್ (ತೋಳಿನ ತುದಿಯಲ್ಲಿ ಜಾಬ್ ಹಿಡಿಯುವ ಸಾಧನ) ನಿರ್ಧಾರವಾಗಲಿ. ಮುಗಿದ ಜಾಬ್ ತೆಗೆದ ಕೂಡಲೇ ಹೊಸದನ್ನು ಹಾಕುವ ಜೋಡಿ ಗ್ರಿಪ್ಪರ್ ಬಳಸಿದರೆ ಸ್ಪಿಂಡಲ್ (ಜಾಬನ್ನು ತಿರುಗಿಸುವ ಭಾಗ) ಖಾಲಿ ನಿಲ್ಲುವ ಸಮಯ ಬಹಳ ಕಡಿಮೆಯಾಗುತ್ತದೆ. ಆದರೆ ಅದರ ತೂಕ 2 ಕೆ.ಜಿ. ಎಂದಿಟ್ಟುಕೊಂಡರೂ ಎರಡು ಜಾಬ್‌ಗಳೊಂದಿಗೆ ಒಟ್ಟು 5.6 ಕೆ.ಜಿ. ಆಗುವುದರಿಂದ ಯುಆರ್5ಇ ಅಲ್ಲಿಯೇ ಹೊರಬೀಳುತ್ತದೆ. ಒಂಟಿ ಗ್ರಿಪ್ಪರ್ ಸಾಕೆಂದರೆ ಅದೇ ರೋಬೋಟ್ ನಿರಾಯಾಸವಾಗಿ ಹೊರುತ್ತದೆ. ನಿಖರತೆಯ ವಿಷಯದಲ್ಲಿ ಚಿಂತೆ ಬೇಡ: ಲೇಥ್‌ನಲ್ಲಿ ಜಾಬ್ ಹಿಡಿಯುವ ಮೂರು ದವಡೆಯ ಚಕ್ ಜಾಬನ್ನು ತಾನೇ ಕೇಂದ್ರಕ್ಕೆ ತರುತ್ತದೆ, ಸ್ಪ್ರಿಂಗ್ ಇರುವ ಪುಷರ್ ಅದನ್ನು ಒತ್ತಿ ಕೂರಿಸುತ್ತದೆ. ಆದ್ದರಿಂದ ಎಲ್‌ಆರ್ ಮೇಟ್‌ನ 0.01 ಮತ್ತು ಯುಆರ್5ಇಯ 0.03 ಮಿ.ಮೀ. ನಡುವಿನ ವ್ಯತ್ಯಾಸ ಇಲ್ಲಿ ಕ್ಯಾಟಲಾಗಿನ ಶೋಭೆಯಷ್ಟೇ.

ಉತ್ತರ 2:
ನನಗೆ ಹೆಚ್ಚು ಅನುಮಾನವಿರುವುದು 717 ಮಿ.ಮೀ. ಕುರಿತು. ಫಾನುಕ್ ಅದನ್ನು ಮಣಿಕಟ್ಟಿನ ಕೇಂದ್ರದವರೆಗೆ ಅಳೆಯುತ್ತದೆ; ಗ್ರಿಪ್ಪರ್‌ನಿಂದ ಅಳತೆ ಕೊಂಚ ಬೆಳೆದರೂ ಬಾಗಿಲಿನ ಮೂಲಕ ಒಳಹೊಕ್ಕು ಚಕ್‌ನ ಎದುರು ಮಣಿಕಟ್ಟನ್ನು ತಿರುಗಿಸುವಾಗ ತೋಳು ಪೂರ್ತಿ ಚಾಚಿಕೊಂಡಿರುವಂತಿಲ್ಲ. ಹಾಗಾಗಿ ಲೇಥ್‌ಗಳನ್ನು ಹತ್ತಿರ ತರಬೇಕಾಗುತ್ತದೆ; ಎರಡು ಯಂತ್ರಗಳ ನಡುವೆ ಅಷ್ಟು ಕಡಿಮೆ ಜಾಗವಿದ್ದರೆ ಆಪರೇಟರ್ ಚಿಪ್ಸ್ (ಲೋಹದ ಸಿಪ್ಪೆ) ತೆಗೆಯಲು ಎಲ್ಲಿ ನಿಲ್ಲಬೇಕು? ಎಬಿಬಿಯ ಐಆರ್‌ಬಿ 1200ರಲ್ಲಿ 7 ಕೆ.ಜಿ.ಗೆ 0.7 ಮೀಟರ್, 5 ಕೆ.ಜಿ.ಗೆ 0.9 ಮೀಟರ್ ಎಂಬ ಎರಡು ಮಾದರಿಗಳಿದ್ದು, ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕಾಗುತ್ತದೆ. ಆದರೆ ಯಸ್ಕಾವಾದ ಜಿಪಿ7 ಎಂಬ ಮಾದರಿ 7 ಕೆ.ಜಿ. ಮತ್ತು 927 ಮಿ.ಮೀ. ಎರಡನ್ನೂ ಕೊಡುತ್ತದೆ, ಜೋಡಿ ಗ್ರಿಪ್ಪರ್ ಬೇಕೆಂದರೆ ನಾನು ಅದರ ದರಪಟ್ಟಿಯನ್ನೂ ತರಿಸುತ್ತಿದ್ದೆ.

ಉತ್ತರ 3:
ಬೇಲಿ ಬೇಡವೆಂಬ ಮಾತನ್ನು ಹಾಗೆಯೇ ಒಪ್ಪಬೇಡಿ. ಕೈಗಾರಿಕಾ ರೋಬೋಟ್‌ಗಳ ಸುರಕ್ಷತಾ ಮಾನದಂಡವಾದ ಐಎಸ್‌ಒ 10218ರ ಪ್ರಕಾರ ಅಪಾಯದ ಮೌಲ್ಯಮಾಪನ ನಡೆಯಬೇಕಾದದ್ದು ಯಂತ್ರ, ಗ್ರಿಪ್ಪರ್, ಜಾಬ್ ಎಲ್ಲವೂ ಸೇರಿದ ಇಡೀ ಸೆಲ್‌ಗೆ, ರೋಬೋಟ್‌ಗೆ ಮಾತ್ರವಲ್ಲ. ಬರ್ (ಅಂಚಿನಲ್ಲಿ ಉಳಿದ ಲೋಹದ ಮುಳ್ಳು) ಇರುವ ಚೂಪಾದ ಜಾಬ್ ಹಿಡಿದು ಮುಖದ ಎತ್ತರದಲ್ಲಿ ಚಲಿಸುವ ತೋಳು ಎಷ್ಟೇ ಮೃದುವಾಗಿ ತಾಗಿದರೂ ಗಾಯವಾಗುತ್ತದೆ. ವೇಗ ತಗ್ಗಿಸಿದರೆ ಸೈಕಲ್ ಸಮಯ ಹೆಚ್ಚುತ್ತದೆ. ಕೊನೆಗೆ ಯಾರಾದರೂ ಹತ್ತಿರ ಬಂದರೆ ಗುರುತಿಸುವ ಏರಿಯಾ ಸ್ಕ್ಯಾನರ್ ಅಥವಾ ಬೇಲಿ ಹಾಕಲೇಬೇಕಾಗಬಹುದು. ಲೇಥ್‌ನಲ್ಲಿ ಚಿಮ್ಮುವ ಕೂಲಂಟ್ (ತಂಪಾಗಿಸುವ ದ್ರವ) ಕೂಡ ಗಮನದಲ್ಲಿರಲಿ: ಯುಆರ್5ಇಯ ಧೂಳು-ನೀರಿನಿಂದ ರಕ್ಷಣೆಯ ದರ್ಜೆ ಐಪಿ54, ಎಲ್‌ಆರ್ ಮೇಟ್‌ನದು ಐಪಿ67. ಮೊದಲನೆಯದನ್ನು ತೆಗೆದುಕೊಂಡರೆ ಹೊದಿಕೆಯ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಬಾಗಿಲಿನ ಅಗಲ, ಚಕ್‌ನ ಆಳ ಮತ್ತು ಗ್ರಿಪ್ಪರ್‌ನ ನಕ್ಷೆಯನ್ನು ಮೂವರು ಸರಬರಾಜುದಾರರಿಗೂ ಕಳುಹಿಸಿ, ಜಿಪಿ7 ಸಹಿತ ರೀಚ್ ಸಿಮ್ಯುಲೇಶನ್ (ತೋಳು ಎಲ್ಲೆಡೆ ತಲುಪುತ್ತದೆಯೇ ಎಂಬ ಕಂಪ್ಯೂಟರ್ ಪರೀಕ್ಷೆ) ಮಾಡಿಸಿಕೊಡುವಂತೆ ಕೇಳುತ್ತೇವೆ. ಅದು ಕೈಸೇರುವವರೆಗೆ ಬೆಲೆಯ ಚರ್ಚೆಯನ್ನು ಮುಂದೂಡಿದ್ದೇವೆ.