ಅಲ್ಸರ್ ಇದೆ, ಆದರೆ ಎಚ್ ಪೈಲೋರಿ (ಹುಣ್ಣು ತರುವ ಬ್ಯಾಕ್ಟೀರಿಯಾ) ನೆಗೆಟಿವ್. ರಿಪೋರ್ಟ್ ನಂಬಬಹುದಾ?

ತೀರ್ಥಹಳ್ಳಿ ಕಡೆಯವ:
ದೊಡ್ಡಪ್ಪನಿಗೆ 58. ಶಿವಮೊಗ್ಗದಲ್ಲಿ ಎಂಡೋಸ್ಕೋಪಿ ಮಾಡಿಸಿದಾಗ ಸಣ್ಣ ಕರುಳಿನ ಶುರುವಿನಲ್ಲೇ ಹುಣ್ಣು ಕಂಡಿದೆ. ಬಯಾಪ್ಸಿ ಚೂರಿನ ಯೂರಿಯೇಸ್ ಟೆಸ್ಟ್ ನೆಗೆಟಿವ್. ಅದಕ್ಕೆ ಮುಂಚೆ ಒಂದು ತಿಂಗಳು ಪ್ಯಾಂಟೊಪ್ರಜೋಲ್ 40 (ಆಸಿಡ್ ತಗ್ಗಿಸುವ ಮಾತ್ರೆ) ನುಂಗ್ತಿದ್ರು. ಅಡಿಕೆ ಕೊಯ್ಲಿನ ಟೈಮಲ್ಲಿ ಮಂಡಿನೋವಿಗೆ ಡೈಕ್ಲೋಫೆನಾಕ್ ಬೇರೆ. ಖಾರ ಬಿಟ್ಟರೆ ಸಾಕು ಅಂತಾರೆ ಊರಲ್ಲಿ. ಹೌದಾ?

ಲ್ಯಾಬ್ ಮೇಜು:
ಈ ನೆಗೆಟಿವ್‌ಗೆ ಬೆಲೆ ಕಡಿಮೆ. ಬ್ಯಾಕ್ಟೀರಿಯಾದ ಯೂರಿಯೇಸ್ ಕಿಣ್ವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತೆ, ಅದರಿಂದ ಟೆಸ್ಟ್‌ನ ಹಳದಿ ಜೆಲ್ ಗುಲಾಬಿಗೆ ತಿರುಗುತ್ತೆ. ಪ್ಯಾಂಟೊಪ್ರಜೋಲ್ ನಡೀತಿದ್ದರೆ ಬ್ಯಾಕ್ಟೀರಿಯಾ ಸಾಯಲ್ಲ, ಸಂಖ್ಯೆ ಇಳಿಯುತ್ತೆ ಅಷ್ಟೆ; ಬಣ್ಣ ತಿರುಗದೇ ಇರಬಹುದು. ಹುಣ್ಣಿನಿಂದ ರಕ್ತ ಬರ್ತಿದ್ದರೂ ಇದೇ ಮೋಸ.

ಮತ್ತೆ ಮಾಡಿಸುವುದಾದರೆ ಉಸಿರಿನ ಯೂರಿಯಾ ಟೆಸ್ಟ್ ಅಥವಾ ಮಲದ ಆಂಟಿಜನ್ ಟೆಸ್ಟ್. ಅದಕ್ಕೆ 2 ವಾರ ಮುಂಚಿನಿಂದ ಪ್ಯಾಂಟೊಪ್ರಜೋಲ್ ಥರದ್ದು ಬೇಡ. ಆಂಟಿಬಯಾಟಿಕ್, ಬಿಸ್ಮತ್ 4 ವಾರ ಮುಂಚಿನಿಂದ ಬೇಡ. ಆದರೆ ಹುಣ್ಣು ಹಸಿಯಾಗಿರುವಾಗ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಯಾವಾಗ ಬಿಡಬೇಕು ಅಂತ ಡಾಕ್ಟರ್ ಹೇಳಲಿ. ರಕ್ತದ ಆಂಟಿಬಾಡಿ ಟೆಸ್ಟ್‌ಗೆ ದುಡ್ಡು ಹಾಕಬೇಡಿ. ಸೋಂಕು ಹೋದ ಮೇಲೂ ಅದು ಬಹಳ ಕಾಲ ಪಾಸಿಟಿವ್ ತೋರಿಸುತ್ತೆ.

ತುಂಗಾತೀರ:
ಖಾರದಿಂದ ಹುಣ್ಣು ಆಗಲ್ಲ, ಇರುವ ಉರಿ ಹೆಚ್ಚಬಹುದು. ಮುಖ್ಯ ಕಾರಣ ಎರಡು: ಈ ಬ್ಯಾಕ್ಟೀರಿಯಾ, ಮತ್ತು ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಜಾತಿಯ ನೋವಿನ ಮಾತ್ರೆ. ಎರಡೂ ಒಟ್ಟಾದರೆ ರಕ್ತಸ್ರಾವದ ಅಪಾಯ ಏರುತ್ತೆ. ಕೊಯ್ಲಿನ ಕಾಲಕ್ಕೆ ಅಂಗಡಿಯಿಂದ ಚೀಟಿ ಇಲ್ಲದೆ ತರುವ ಆ ಮಾತ್ರೆಯನ್ನೇ ಮೊದಲು ನಿಲ್ಲಿಸಿ. ಮಂಡಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತಾ ನೋಡಿ. ಹೃದಯಕ್ಕೆ ಬರೆದುಕೊಟ್ಟ ಆಸ್ಪಿರಿನ್ ಆದರೆ ಬೇರೆ ಮಾತು, ಅದನ್ನು ಕೇಳದೆ ಬಿಡಬಾರದು. ಬೀಡಿ ಸಿಗರೇಟು ಸೇದುವವರಿಗೆ ಹುಣ್ಣು ಮಾಯುವುದು ನಿಧಾನ.

ಸೋಂಕು ಹೆಚ್ಚಾಗಿ ತಗಲುವುದು ಚಿಕ್ಕಂದಿನಲ್ಲಿ, ಮನೆಯೊಳಗೇ. ಹಾಗಂತ ಎಲ್ಲರನ್ನೂ ಟೆಸ್ಟ್‌ಗೆ ಕರೆದುಕೊಂಡು ಓಡಬೇಕಿಲ್ಲ. ಹೊಟ್ಟೆಯ ತೊಂದರೆ ಇರುವವರು, ಅಪ್ಪ ಅಮ್ಮ ಒಡಹುಟ್ಟಿದವರಲ್ಲಿ ಜಠರದ ಕ್ಯಾನ್ಸರ್ ಇದ್ದವರು ಮೊದಲು. ಬಾವಿ ನೀರು, ಅಬ್ಬಿ ನೀರು ಕುದಿಸಿ ಕುಡಿಯಿರಿ.

ಔಷಧಿ ಕಪಾಟು:
ಪಾಸಿಟಿವ್ ಬಂದರೆ ಕೋರ್ಸ್ ಸಾಮಾನ್ಯವಾಗಿ 14 ದಿನ. ನಮ್ಮ ದೇಶದಲ್ಲಿ ಕ್ಲಾರಿತ್ರೊಮೈಸಿನ್ ಅನ್ನೋ ಆಂಟಿಬಯಾಟಿಕ್‌ಗೆ ಬಗ್ಗದ ತಳಿ ಸಾಕಷ್ಟಿದೆ. ಅದಕ್ಕೇ ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್, ಜೊತೆಗೆ ಆಸಿಡ್ ಮಾತ್ರೆ, ಹೀಗೆ ನಾಲ್ಕು ಸೇರಿಸಿ ಕೊಡುವುದೂ ಉಂಟು. ಕೆಡುವುದು ಎಲ್ಲಿ ಅಂದರೆ ಐದನೇ ದಿನ ಉರಿ ಹೋಯ್ತು ಅಂತ ಬಿಡುವುದು. ಉಳಿದ ಬ್ಯಾಕ್ಟೀರಿಯಾ ಔಷಧಿಗೆ ಪಳಗುತ್ತೆ, ಮುಂದಿನ ಸಲ ಅದೇ ಮಾತ್ರೆ ಕೆಲಸ ಮಾಡಲ್ಲ.

ಆಸಿಡ್ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮೊದಲು. ಟೆಟ್ರಾಸೈಕ್ಲಿನ್ ಜೊತೆ ಹಾಲು, ಕಬ್ಬಿಣದ ಮಾತ್ರೆ ಬೇಡ. ಮೆಟ್ರೊನಿಡಜೋಲ್ ನಡೆಯುವಾಗ ಸಾರಾಯಿ ಮುಟ್ಟಲೇಬಾರದು. ಬಾಯಲ್ಲಿ ಲೋಹದ ರುಚಿ ಬರುತ್ತೆ, ಹೆದರಬೇಡಿ. ಪೆನಿಸಿಲಿನ್ ಅಲರ್ಜಿ ಇದ್ದರೆ, ಕೊಲೆಸ್ಟರಾಲ್ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ. ಕೋರ್ಸ್ ಮುಗಿದು ಕನಿಷ್ಠ 4 ವಾರ ಆದಮೇಲೆ ಹೋಯ್ತಾ ಇಲ್ವಾ ಅಂತ ಇನ್ನೊಂದು ಟೆಸ್ಟ್. ಇದನ್ನೇ ಜನ ತಪ್ಪಿಸುವುದು.

ತೀರ್ಥಹಳ್ಳಿ ಕಡೆಯವ:
ಬಿಸ್ಮತ್‌ನಿಂದ ಮಲ ಕಪ್ಪಾಗುತ್ತಂತೆ. ರಕ್ತ ಹೋಗ್ತಿದ್ದರೆ ಗೊತ್ತಾಗೋದು ಹೇಗೆ?

ಔಷಧಿ ಕಪಾಟು:
ಬಿಸ್ಮತ್‌ದಾದರೆ ಬರೀ ಕಪ್ಪು. ರಕ್ತದ್ದಾದರೆ ಡಾಂಬರಿನ ಹಾಗೆ ಅಂಟು, ಕೆಟ್ಟ ನಾತ. ಜೊತೆಗೆ ತಲೆಸುತ್ತು, ಬೆವರು, ಕಾಫಿ ಪುಡಿಯಂಥ ವಾಂತಿ ಕಂಡರೆ ರಾತ್ರಿಯಾದರೂ ಸರಿ, ಬೆಳಗಿನ ಬಸ್ಸಿಗೆ ಕಾಯದೆ ಆಂಬುಲೆನ್ಸ್‌ಗೆ 108 ಒತ್ತಿ.