ಎಲೆಯೇ ಇಲ್ಲದ ಕಡ್ಡಿಯಲ್ಲಿ ಹೂ! ಇದು ಯಾವ ಲಿಲ್ಲಿ?

ಕೆರೆಏರಿ (ಪಾಂಡವಪುರ):
ಮೊನ್ನೆ ಮೊದಲ ಮಳೆ ಬಿದ್ದ ಮಾರನೇ ದಿನ ಸಂಜೆ ಕುಂತಿಬೆಟ್ಟಕ್ಕೆ ಹೋಗಿದ್ದೆ. ಬಂಡೆ ಸಂದಿಯಲ್ಲಿ ಮೊಣಕಾಲುದ್ದದ ಒಂದು ಕಡ್ಡಿ, ಸುತ್ತ ಒಂದೆಲೆಯೂ ಇಲ್ಲ, ಮೇಲೆ ತಲೆ ತಗ್ಗಿಸಿದ ಕಂದು ಹಸಿರು ಹೂಗಳು, ಒಂದೊಂದಕ್ಕೂ ಆರು ಎಸಳು. ಅಲ್ಲೇ ಹತ್ತು ಹೆಜ್ಜೆ ಆಚೆ ನೆಲಕ್ಕೆ ಅಂಟಿದಂತೆ ಇನ್ನೊಂದು ಗಿಡ. ಎಲೆ ಮೇಲೆಲ್ಲ ನೇರಳೆ ಚುಕ್ಕೆ, ಹೂವಿನ ಕಡ್ಡಿ ಗೇಣುದ್ದವೂ ಇಲ್ಲ. ಎರಡೂ ಒಂದೇನಾ, ಒಂದು ಎಳೆಯದು ಒಂದು ಬಲಿತದ್ದಾ? ಫೋನಿನ ಆಪ್ ಕೇಳಿದರೆ ಈರುಳ್ಳಿ ಅನ್ನುತ್ತೆ.

ಗಿಡಹುಚ್ಚು (ಮೈಸೂರು):
ಆಪ್ ಪೂರ್ತಿ ಸುಳ್ಳು ಹೇಳಿಲ್ಲ ಬಿಡಿ. ಎಲೆ ಇಲ್ಲದ್ದು ಕಾಡು ಈರುಳ್ಳಿ, ಡ್ರಿಮಿಯಾ ಇಂಡಿಕಾ. ಹಳಬರು ಅರ್ಜೀನಿಯಾ ಅಂತಲೂ ಬರೆಯುತ್ತಿದ್ದರು. ಇದು ಮೊದಲು ಹೂ ಬಿಡುತ್ತೆ, ಎಲೆ ಬರೋದು ಆಮೇಲೆ. ಚುಕ್ಕೆ ಎಲೆಯದು ಲೆಡಿಬೌರಿಯಾ ರೆವೊಲ್ಯೂಟಾ, ಅದರಲ್ಲಿ ಎಲೆ ಹೂ ಒಟ್ಟಿಗೇ ಇರುತ್ತವೆ.

ಬಣ್ಣ ನಂಬಬೇಡಿ, ಬಿಸಿಲಿಗೆ ಎಲ್ಲಾ ಮಾಸುತ್ತೆ. ಕಡ್ಡಿಯ ತುದಿಯ ಎಳೆ ಮೊಗ್ಗು ನೋಡಿ. ಪ್ರತಿ ಮೊಗ್ಗಿನ ಬುಡದಲ್ಲಿ ಸಿಪ್ಪೆಯಂಥ ಪುಟ್ಟ ಪೊರೆ ಇರುತ್ತೆ, ಹೂವಿನ ಎಸಳಲ್ಲ. ಕಾಡು ಈರುಳ್ಳಿಯಾದರೆ ಅದಕ್ಕೆ ಕೆಳಮುಖವಾಗಿ ಒಂದು ಚಿಕ್ಕ ಕೊಕ್ಕು. ಹೂ ಅರಳುವ ಹೊತ್ತಿಗೆ ಅದು ಉದುರಿಬಿಡಬಹುದು, ಅದಕ್ಕೇ ಕೆಳಗಿನ ಹೂಗಳಲ್ಲಿ ಹುಡುಕಿ ಸುಸ್ತಾಗಬೇಡಿ. ಲೆನ್ಸ್ ಇದ್ದರೆ ಒಳ್ಳೇದು, ನಾನು ಹಳೇ ಕ್ಯಾಮೆರಾದ ಗಾಜೊಂದನ್ನ ಜೇಬಲ್ಲಿ ಇಟ್ಟುಕೊಂಡಿರುತ್ತೇನೆ.

ಅಂದಹಾಗೆ ಇವೆರಡೂ ಈಗ ಲಿಲ್ಲಿ ಕುಟುಂಬದವಲ್ಲ. ಡಿಎನ್‌ಎ ನೋಡಿ ಕುಟುಂಬ ಒಡೆದ ಮೇಲೆ ಶತಾವರಿ ಜೊತೆ ಸೇರಿಸಿದ್ದಾರೆ. ಗೌರಿ ಹೂವನ್ನೂ ಲಿಲ್ಲಿಯಿಂದ ಆಚೆ ಹಾಕಿದ್ದಾರೆ, ಅಣ್ಣತಮ್ಮಂದಿರು ಪಾಲಾದ ಹಾಗೆ.

ಮೇಲುಕೋಟೆಹಕ್ಕಿ:
ಸರ್ ಹೇಳಿದ್ದು ಸರಿ. ಡಿಪ್‌ಕಾಡಿ ಅನ್ನೋ ಗಿಡವನ್ನೂ ಮರೀಬೇಡಿ, ಬಿಳಿ ಹೂವಿನದು. ಅದರಲ್ಲಿ ಆರು ಎಸಳೂ ಬುಡದಲ್ಲಿ ಅಂಟಿ ಕೊಳವೆ ಆಗಿರುತ್ತೆ, ಹೊರಗಿನ ಮೂರು ಹಿಂದಕ್ಕೆ ಮಡಚಿಕೊಂಡು ಒಳಗಿನ ಮೂರು ನೆಟ್ಟಗೆ. ಕಾಡು ಈರುಳ್ಳಿಯಲ್ಲಿ ಎಸಳುಗಳು ಬುಡದವರೆಗೂ ಹೆಚ್ಚು ಕಡಿಮೆ ಬಿಡಿ ಬಿಡಿ. ಇನ್ನೊಂದು, ತೋಟದಲ್ಲಿ ಮಳೆ ಬಂದ ಕೂಡಲೇ ಅರಳೋ ಗುಲಾಬಿ ಬಣ್ಣದ ಲಿಲ್ಲಿ ನಮ್ಮದಲ್ಲ, ಅಮೆರಿಕ ಕಡೆಯಿಂದ ಬಂದದ್ದು. ಅದರಲ್ಲಿ ಕಾಯಾಗುವ ಗಂಟು ಎಸಳಿನ ಕೆಳಗಿರುತ್ತೆ, ಇವುಗಳಲ್ಲಿ ಹೂವಿನ ಒಳಗೇ.

ನಂಜಪ್ಪನಮೊಮ್ಮಗ:
ಗುರುತು ಹಿಡಿಯೋಕೆ ಅಂತ ಗಡ್ಡೆ ಮಾತ್ರ ಕೀಳಬೇಡಿ ಮಾರಾಯ್ರೇ. ಕಾಲೇಜಲ್ಲಿದ್ದಾಗ ನಾನೇ ಒಂದನ್ನ ಕಿತ್ತು, ಈರುಳ್ಳಿ ತರ ಪದರ ಪದರ ಸುಲಿದು ನೋಡಿದ್ದೆ. ಎರಡು ದಿನ ಕೈ ತುರಿಕೆ, ಅಜ್ಜಿ ಬೈಗುಳ ಬೇರೆ. ತಿಂದರಂತೂ ಹೃದಯಕ್ಕೇ ಹೊಡೆತ, ಅಷ್ಟು ವಿಷ. ಗಿಡವೂ ಹೋಯ್ತು, ನನಗೆ ಗೊತ್ತಾಗಿದ್ದೂ ಏನಿಲ್ಲ.

ಕೆರೆಏರಿ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಮತ್ತೆ ಹತ್ತಿದೆ. ಮೊನ್ನೆಯ ಹೂಗಳೆಲ್ಲ ಮುದುಡಿ ಕಪ್ಪಾಗಿವೆ, ಆದರೆ ತುದಿಯ ನಾಲ್ಕು ಮೊಗ್ಗಲ್ಲೂ ಆ ಕೊಕ್ಕು ಇದೆ, ಸಾಸಿವೆಗಿಂತ ಚಿಕ್ಕದು. ಚುಕ್ಕೆ ಎಲೆಯದನ್ನ ಯಾವುದೋ ದನ ತುಳಿದುಬಿಟ್ಟಿದೆ. ಗಡ್ಡೆ ಒಳಗಿದೆ ಅನ್ಸುತ್ತೆ, ಮುಟ್ಟಲಿಲ್ಲ.