ಟೋಟಲ್ ವಾರ್ ಆಡಾವ್ರು ಹಳೇ ಕಾಲದ ಯುದ್ಧದ ಮ್ಯಾಲೆ ಏನ್ ಓದಬೇಕ್ರಿ?

ಹುಬ್ಬಳ್ಳಿಯಿಂದ ಕೇಳಿದ್ದು:

ನಮಸ್ಕಾರ್ರಿ ಎಲ್ಲಾರಿಗೂ. ಟೋಟಲ್ ವಾರ್ ಅನ್ನೂ ಕಂಪ್ಯೂಟರ್ ಯುದ್ಧದಾಟದಾಗ ರೋಮ್ 2 ಆಡಾಕತ್ತು ಮೂರು ವರ್ಷ ಆತು, ಏಜ್ ಆಫ್ ಎಂಪೈರ್ಸ್ ಅಂತೂ ಹೈಸ್ಕೂಲಿನಿಂದ ಐತಿ. ಖರೆ ಯುದ್ಧ ಹೆಂಗ ನಡೀತಿತ್ತು ಅಂತ ಈಗ ಓದಬೇಕು ಅನಸೇತಿ. ಇಂಗ್ಲಿಷ್ ನಡೀತೈತಿ, ಆದ್ರ ಕಾಲೇಜಿನ ಪಾಠದಂಗ ಇರಬಾರ್ದು. ಅಂಗಡಿ ಮುಚ್ಚಿ ಬಂದಮ್ಯಾಲೆ ದಿನಾ ಅರ್ಧ ತಾಸು ಸಿಗತೈತಿ. ಎಲ್ಲಿಂದ ಚಾಲೂ ಮಾಡ್ಲಿ? ಯಾರ್ಯಾರು ಏನೇನು ಓದೀರಿ, ಯಾವ್ದು ಉಪಯೋಗಕ್ಕ ಬಂತು ಹೇಳ್ರಿ.

ಧಾರವಾಡದಿಂದ:

ತಮ್ಮಾ, ನಾ ಮಾಡಿದ ತಪ್ಪು ನೀ ಮಾಡಬ್ಯಾಡ. ನಾ ಮೊದ್ಲ ಚೀನಾದ ಸುನ್ ತ್ಸು ಬರದ 'ಆರ್ಟ್ ಆಫ್ ವಾರ್' ತಗೊಂಡೆ, 13 ಅಧ್ಯಾಯ, ಎರಡ ಸಂಜಿಗೆ ಮುಗೀತು, ಭಾಳ ಶಾಣ್ಯಾ ಆದೆ ಅನ್ಕೊಂಡು ಆಟಕ್ಕ ಕುಂತ್ರ ಅದ ಹಳೇ ಸೋಲು. ಕೆಟ್ಟ ಪುಸ್ತಕ ಅಲ್ಲ ಅದು, ಆದ್ರ ಈಟಿ ಎಷ್ಟುದ್ದ, ಕುದುರಿ ಯಾವಾಗ ಬೆದರ್ತೈತಿ ಅನ್ನೂದ ಗೊತ್ತಿಲ್ದಾವಗ ಬರೇ ಗಾದಿಮಾತು ಓದಿದಂಗ ಆಗತೈತಿ.

ಪಾಲಿಬಿಯಸ್ ಹಿಡಿ. ಗ್ರೀಕ್ ಮನಷ್ಯಾ, ಕ್ರಿ.ಪೂ. 2ನೇ ಶತಮಾನದಾವ, ತಾನೂ ಕುದುರಿ ದಳದ ಅಧಿಕಾರಿ ಆಗಿದ್ದಾವ, ಆಮ್ಯಾಲೆ ರೋಮಿನಾಗ ಒತ್ತೆಯಾಳಾಗಿ ಇದ್ದು ರೋಮನ್ನರ ಕತಿ ಬರದ. ಪೂರ್ತಿ ಓದೂದು ಬ್ಯಾಡ. 3ನೇ ಪುಸ್ತಕದ ಕಡೀಕ ಕ್ಯಾನೆ ಕಾಳಗ ಐತಿ, ಕ್ರಿ.ಪೂ. 216ರಾಗ ಕಾರ್ಥೇಜಿನ ಹ್ಯಾನಿಬಲ್ ರೋಮನ್ನರನ್ನ ಸೋಲಿಸಿದ್ದು, ಅದನ್ನ ಓದಿ ಸೀದಾ 18ನೇ ಪುಸ್ತಕಕ್ಕ ಜಿಗಿ. ಅಲ್ಲಿ ಫ್ಯಾಲಾಂಕ್ಸಿಗೂ (ಉದ್ದನ್ನ ಈಟಿ ಹಿಡದು ಒತ್ತಾಗಿ ನಿಲ್ಲೂ ಮ್ಯಾಸಿಡೋನಿಯಾದ ಪಡಿ) ಲೀಜನ್ನಿಗೂ (ರೋಮನ್ನರ ಪಡಿ) ಏನು ಫರಕು ಅಂತ ಲೆಕ್ಕಾ ಹಾಕಿ ತೋರಸ್ತಾನ. ಮುಂದಿನ ಸಾಲಿನ ಒಬ್ಬೊಬ್ಬನ ಮುಂದ ಐದೈದು ಈಟಿ ಮೊನಿ ಚಾಚಿರ್ತಾವ, ರೋಮನ್ ಸಿಪಾಯಿಗೆ ಕತ್ತಿ ಬೀಸಾಕ ಜಾಗಾ ಬೇಕಲ್ಲ, ಹಿಂಗಾಗಿ ಅವ ಇಬ್ಬರ ಎದುರಿಗೆ ನಿಂತಂಗ, ಅಂದ್ರ ಒಬ್ಬನ ಎದಿಗೆ ಹತ್ತು ಈಟಿ. ಹಂಗಿದ್ರ ರೋಮ್ ಯಾಕ ಗೆದ್ದಿತು? ಫ್ಯಾಲಾಂಕ್ಸಿಗೆ ಸಪಾಟ ಬಯಲು ಬೇಕು, ಒಂದು ಹಳ್ಳಾ ಒಂದು ದಿಬ್ಬಾ ಬಂತಂದ್ರ ಸಾಲು ಒಡೀತೈತಿ. ಕ್ರಿ.ಪೂ. 197ರಾಗ ಕೈನೋಸ್ಕೆಫಲೆ ಗುಡ್ಡದಾಗ ಒಬ್ಬ ರೋಮನ್ ಅಧಿಕಾರಿ, ಪಾಲಿಬಿಯಸ್ ಅವನ ಹೆಸರೂ ಹೇಳಂಗಿಲ್ಲ, 20 ತುಕಡಿ ತಿರುವಿಕೊಂಡು ಹಿಂದಿನಿಂದ ಹೊಕ್ಕಬಿಟ್ಟ. ಇದನ್ನ ಓದಿದಮ್ಯಾಲೆ ನಾ ಪೈಕ್‌ಮೆನ್ ಪಡೀನ ಅಡವಿ ಅಂಚಿಗೆ ನಿಲ್ಸೂದು ಬಿಟ್ಟೆ.

ಕ್ಯಾನೆ ಓದೂಮುಂದ ರೋಮನ್ ಇತಿಹಾಸಕಾರ ಲಿವಿಯ 22ನೇ ಪುಸ್ತಕಾನೂ ಬಾಜೂಕ ಇಟ್ಕೊ. ರೋಮನ್ನರು ಸತ್ತದ್ದು ಸುಮಾರು 70,000 ಅಂತ ಪಾಲಿಬಿಯಸ್ ಅಂತಾನ, ಲಿವಿ 48,000 ಚಿಲ್ಲರ ಅಂತಾನ. ಹಳೇ ಕಾಲದ ಲೆಕ್ಕ ಎಷ್ಟು ನಂಬಬೇಕು ಅನ್ನೂದು ಅಲ್ಲೇ ತಿಳೀತೈತಿ.

ಇಷ್ಟಾದ್ರೂ ಒಂದ ಪುಸ್ತಕ ಹೇಳು ಅಂದ್ರ ನಾ ಹೇಳೂದು ಡೊನಾಲ್ಡ್ ಎಂಗೆಲ್ಸ್ ಬರದದ್ದು, 1978ರದು, 'ಅಲೆಕ್ಸಾಂಡರ್ ದಿ ಗ್ರೇಟ್ ಅಂಡ್ ದಿ ಲಾಜಿಸ್ಟಿಕ್ಸ್ ಆಫ್ ದಿ ಮ್ಯಾಸಿಡೋನಿಯನ್ ಆರ್ಮಿ'. ನಮ್ಮಜ್ಜ ಎಲ್ಲಮ್ಮನ ಜಾತ್ರಿಗೆ ನವಲಗುಂದ ಕಡಿಂದ ಸವದತ್ತಿಗೆ ಚಕ್ಕಡಿ ಹೂಡಿಕೊಂಡು ಹೋಗಾವ, ಸಣ್ಣಾವಿದ್ದಾಗ ನಾನೂ ಒಂದ ಸಲ ಹೋಗೇನಿ. ಚಕ್ಕಡಿ ತುಂಬ ಕಣಿಕಿ ಸೂಡು, ಅದರ ಮ್ಯಾಲೆ ಹೊಟ್ಟಿನ ಚೀಲ, ಅದರ ಮ್ಯಾಲೆ ನಾವು, ಕಾಲು ಚಾಚಾಕ ಜಾಗಾ ಇಲ್ಲ, ನಮ್ಮ ರೊಟ್ಟಿ ಬುತ್ತಿ ಮಾತ್ರ ಒಂದ ಗಂಟು. ಯಾಕಜ್ಜಾ ಅಂದ್ರ "ಎತ್ತು ತಾ ತಿನ್ನೂದನ್ನ ತಾನ ಎಳೀಬೇಕಲೇ" ಅಂದಿದ್ದ. ಎಂಗೆಲ್ಸ್ ಹೇಳೂದೂ ಅದ. ಹೇರಿನ ಕುದುರಿ 113 ಕಿಲೋ ಹೊರತೈತಿ, ದಿನಕ್ಕ ಕಾಳು-ಮೇವು ಕೂಡಿ 9 ಕಿಲೋ ತಾನ ತಿಂತೈತಿ, ದಾರ್‍ಯಾಗ ಹುಲ್ಲು ಸಿಗಲಿಲ್ಲಂದ್ರ 12 ದಿನದಾಗ ಹೊತ್ತದ್ದೆಲ್ಲಾ ಅದರ ಹೊಟ್ಟ್ಯಾಗ, ಸಿಪಾಯಿಗೆ ಒಂದು ಕಾಳೂ ಉಳಿಯಂಗಿಲ್ಲ. ಸುಗ್ಗಿ ಯಾವಾಗ, ನೀರೆಲ್ಲಿ, ಹಡಗು ಎಲ್ಲೀತನಕ ಬರತೈತಿ, ಅಲೆಕ್ಸಾಂಡರ್ ಆ ದಾರೀನ ಯಾಕ ಹಿಡದ ಅನ್ನೂದು ಎಲ್ಲಾ ಅದರ ಮ್ಯಾಲೆ ನಿಂತೈತಿ. ಆಟದಾಗ ಸೈನ್ಯಾನ ಮೌಸಿಂದ ಎಳದಲ್ಲಿ ಒಯ್ತೀವಿ ನೋಡು, ಅದ ದೊಡ್ಡ ಸುಳ್ಳು.

ಹಾವೇರಿಯಿಂದ:

ಸರ್, ಎಂಗೆಲ್ಸ್ ಮೊದ್ಲ ಕೊಟ್ರ ಓಡಿಹೋಗ್ತಾರ್ರೀ, ಅರ್ಧ ಪುಸ್ತಕ ಕೋಷ್ಟಕ, ನಾ ಎರಡು ಸಲ ಹಿಡದು ಎರಡು ಸಲ ಬಿಟ್ಟೇನಿ. ಅಂಗಡಿ ಮುಚ್ಚಿ ದಣದು ಬಂದಾವ್ರಿಗೆ ಸೀಸರ್ ಚಲೋ. ಗಾಲ್ (ಈಗಿನ ಫ್ರಾನ್ಸ್ ಕಡೆ) ಯುದ್ಧದ ಮ್ಯಾಲೆ ಅವನ ಬರದದ್ದರಾಗ 7ನೇ ಪುಸ್ತಕ, ಅಲೇಸಿಯಾ ಅನ್ನೂ ಊರಿನ ಮುತ್ತಿಗಿ, ಕ್ರಿ.ಪೂ. 52. ಊರ ಸುತ್ತ 11 ರೋಮನ್ ಮೈಲಿ ಉದ್ದದ ಕೋಟಿಗ್ವಾಡಿ ಕಟ್ಟಿಸಿದ, ಬಿಡಸಾಕ ಬರಾವ್ರನ್ನ ತಡ್ಯಾಕ ಹೊರಗ ಇನ್ನೊಂದು 14 ಮೈಲೀದು, ನಡಕ ತನ್ನ ಸೈನ್ಯ. ಚೂಪು ಗೂಟ ಹುಗದ ಗುಂಡಿಗೆ ಸಿಪಾಯಿಗೋಳು ಲಿಲ್ಲಿ ಹೂವು ಅಂತಿದ್ರಂತ. ಒಳಗ ಕಾಳು ಮುಗದಾಗ ಗಾಲ್ ಮಂದಿ ಊರಿನ ಹೆಂಗಸರು ಮಕ್ಕಳನ್ನ ಹೊರಗ ಹಾಕಿದ್ರು, ಸೀಸರ್ ದಾರಿ ಬಿಡಲಿಲ್ಲ. ಅವನೇ ಬರದಾನ, ಒಂದು ಮಾತೂ ಹೆಚ್ಚಿಗಿ ಇಲ್ಲದ. ನಾ ಅವತ್ತು ರಾತ್ರಿ ಆಟ ಹಚ್ಚಲಿಲ್ಲ. ತನ್ನ ಬಗ್ಗೆ ತಾನ "ಸೀಸರ್ ಹಿಂಗ ಮಾಡಿದ, ಹಂಗ ಮಾಡಿದ" ಅಂತ ಬರಕೋತಾನ, ನಮ್ಮ ಪುಢಾರಿಗಳಂಗ, ಅಷ್ಟು ಉಪ್ಪು-ಖಾರ ಬಿಟ್ಟು ಓದ್ರಿ.

ಆಟದ ರೂಲ್ಸ್ ಇಷ್ಟ ಇದ್ರ ಫಿಲಿಪ್ ಸೇಬಿನ್ 'ಲಾಸ್ಟ್ ಬ್ಯಾಟಲ್ಸ್' ಐತಿ, 2007. ಪ್ರಾಚೀನ ಕಾಳಗಗಳನ್ನ ಬೋರ್ಡ್ ಮ್ಯಾಲೆ ಆಡಿ ಪರೀಕ್ಷಾ ಮಾಡೂ ಪುಸ್ತಕ ಅದು.

ಗದಗದಿಂದ:

ನಾ ಆಡಂಗಿಲ್ರಿ, ಮಗ ಆಡ್ತಾನ, ಪಕ್ಕದಾಗ ಕುಂತು ನಾ ಓದ್ತೀನಿ. ಎಲ್ಲಾರೂ ರೋಮ್ ಗ್ರೀಸ್ ಅಂತೀರಿ, ಕೌಟಿಲ್ಯನ ಅರ್ಥಶಾಸ್ತ್ರ ಎಲ್ಲಿ ಹೋತು? ಅದರ ತಾಳೆಗರಿ ಸಿಕ್ಕದ್ದು ನಮ್ಮ ಮೈಸೂರಾಗ, 1905ರಾಗ, ಶಾಮಶಾಸ್ತ್ರಿಗಳು 1909ರಾಗ ಅಚ್ಚು ಹಾಕಿಸಿದ್ರು, 1915ರಾಗ ಅವರದ ಇಂಗ್ಲಿಷ್ ಅನುವಾದ ಬಂತು, ನೆಟ್ಟಿನಾಗ ಪುಕ್ಕಟ ಸಿಗತೈತಿ. 10ನೇ ಅಧಿಕರಣ ಯುದ್ಧದ್ದು, 13ನೇದು ಕೋಟಿ ಹಿಡಿಯೂದು. ಆನಿ ಕೆಲಸ ಏನು ಅಂತ ಪಟ್ಟಿ ಐತಿ ನೋಡ್ರಿ, ವೈರಿನ್ನ ತುಳಿಯೂದು ಅಷ್ಟ ಅಲ್ಲ, ದಾರಿ ಮಾಡೂದು, ನೀರು ದಾಟಸೂದು ಎಲ್ಲಾ ಅದರಾಗ ಬರತೈತಿ. ಅದರ ಜೋಡಿ ಟ್ರೌಟ್‌ಮನ್ ಅವರ 'ಎಲಿಫೆಂಟ್ಸ್ ಅಂಡ್ ಕಿಂಗ್ಸ್', 2015, ಓದ್ರಿ, ಯುದ್ಧದ ಆನಿ ಬೇಕಂದ್ರ ರಾಜಾ ಅಡವಿ ಉಳಸ್ಕೋಬೇಕಿತ್ತು ಅನ್ನೂದು ನನಗ ಅದರಿಂದ ತಿಳೀತು.

ನಮ್ಮೂರ ವೀರನಾರಾಯಣನ ಗುಡಿ ಕುಮಾರವ್ಯಾಸನ ಹೆಸರಿಗೆ ಕೈ ಮುಗಿತೀನಿ, ಆದ್ರೂ ಲೆಕ್ಕಾ ಲೆಕ್ಕಾನ. ಒಂದು ಅಕ್ಷೋಹಿಣಿಗೆ ಆನಿ 21,870, ಕುರುಕ್ಷೇತ್ರಕ್ಕ ಬಂದದ್ದು 18 ಅಕ್ಷೋಹಿಣಿ, ಮಗ ಮೊಬೈಲಿನಾಗ ಗುಣಿಸಿ 3,93,660 ಆನಿ ಅಂದ. ಮೇವು ಯಾರು ತಂದ್ರು ಅಂತ ಕೇಳ್ತಾನ! ಝೀಲಂ ದಂಡ್ಯಾಗ ಕ್ರಿ.ಪೂ. 326ರಾಗ ಪುರೂರಾಜನ ಕಡೆ 200 ಆನಿ ಇದ್ವು ಅಂತ ಗ್ರೀಕ್ ಇತಿಹಾಸಕಾರ ಅರಿಯನ್ ಬರೀತಾನ, ಅಷ್ಟಕ್ಕ ಅಲೆಕ್ಸಾಂಡರನ ಕುದುರಿ ಎದುರಿಗೆ ನಿಲ್ಲಲಿಲ್ಲ. ಅದಕ್ಕ ಅವ ದಿನಾ ರಾತ್ರಿ ದಂಡಿಗುಂಟ ಗದ್ದಲಾ ಹಾಕಿಸಿ ಪುರೂನ ಮಂದಿಗೆ ಬ್ಯಾಸರ ಬರೂವಂಗ ಮಾಡಿ, ಒಂದು ಮಳಿ ರಾತ್ರಿ ಮ್ಯಾಗಡೆ ಹೊಳಿ ದಾಟಿದ. ಅರಿಯನ್ 5ನೇ ಪುಸ್ತಕ. ಇದನ್ನಂತೂ ಬಿಡಬ್ಯಾಡ್ರಿ.

ಮತ್ತ ಪುಸ್ತಕಾನ ಯಾಕ ಬೇಕು, ವೀರಗಲ್ಲು ನೋಡ್ರಿ. ಕೆಳಗಿನ ಪಟ್ಟಿಕ್ಯಾಗ ಕಾಳಗ, ನಡಕ ಅಪ್ಸರೇರು ಒಯ್ಯೂದು, ಮ್ಯಾಲೆ ಲಿಂಗ. ಕೆಳಗಿಂದು ದಿಟ್ಟಿಸಿ ನೋಡ್ರಿ: ಡಾಲು ಹೆಂಗ ಹಿಡದಾನ, ಬತ್ತಳಿಕಿ ಎಲ್ಲಿ ಐತಿ, ಭಾಳ ಕಲ್ಲಿನಾಗ ಹಿಂದ ದನಾನೂ ಇರ್ತಾವ, ಯಾಕಂದ್ರ ಅವರು ಸತ್ತದ್ದ ಊರ ದನಾ ಬಿಡಸಾಕ ಹೋಗಿ.

ಹುಬ್ಬಳ್ಳಿಯಿಂದ:

ಎಲ್ಲಾರಿಗೂ ಥ್ಯಾಂಕ್ಸ್ ರೀ. ಅಲೇಸಿಯಾ ನಿನ್ನೆ ಚಾಲೂ ಮಾಡೇನಿ, ಎಂಗೆಲ್ಸ್ ಆಮ್ಯಾಲೆ, ಅಣ್ಣಾರು ಸಿಟ್ಟಾಗಬಾರ್ದು. ಅಕ್ಕಾರ, ಹುಬ್ಬಳ್ಳಿಗೆ ಹತ್ರ ವೀರಗಲ್ಲು ಎಲ್ಲಿ ಅದಾವ್ರಿ?

ಹಾವೇರಿಯಿಂದ:

ನಮ್ಮಲ್ಲೇ ಬರ್ರಿ, ಸಿದ್ಧೇಶ್ವರ ಗುಡಿ ಆವಾರದಾಗ. ಮಧ್ಯಾಹ್ನ ಬ್ಯಾಡ, ಮುಂಜಾನೆ ಲಗೂನ ಬರ್ರಿ, ಓರೆ ಬಿಸಲಿಗೆ ಕೆತ್ತಿದ್ದು ಎದ್ದು ಕಾಣ್ತೈತಿ.